ದೇವರಿಗಿಂತ ಮೊದಲು ಹೋದ ಲಗ್ನಪತ್ರಿಕೆ

ಅಂಗಡಿಗೆ ಬೀಗ ಹಾಕಿ, ಜಗ್ಗಿ ನೋಡಿ, ಕಾಮಗೆರೆ ಬಸ್ಸು ಹತ್ತಿ ಕೂತ ಮೇಲೂ ಇಳಿದು ಬಂದು ಇನ್ನೊಮ್ಮೆ ಜಗ್ಗುವ ಆಸಾಮಿ ನಾನು. ಇಂಥವನು ನೋಡಲೇಬೇಕಾದದ್ದನ್ನು ನೋಡದೆ ಬಿಟ್ಟೆನಲ್ಲ ಅಂತ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಇಂಟರ್ನೆಟ್ಟು ಫೋನಿನ ತಂತಿಯಲ್ಲಿ ಕಿರುಗುಟ್ಟಿಕೊಂಡು ಬರುತ್ತಿದ್ದ ಕಾಲ. ಕೊಳ್ಳೇಗಾಲದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದೆ. ಲಗ್ನಪತ್ರಿಕೆ, ತಿಥಿ ಕಾರ್ಡು ಟೈಪು ಮಾಡುವುದು ಹೊಟ್ಟೆಪಾಡು; ಗಿರಾಕಿ ಇಲ್ಲದಾಗ ಕಂಪ್ಯೂಟರಿನ ಬಾಯಲ್ಲಿ ಕನ್ನಡ ಆಡಿಸುವ ಹುಚ್ಚು. ಅದಕ್ಕೆ ದೇಶವಿದೇಶದವರಿದ್ದ ಈಮೇಲ್ ಗುಂಪೊಂದಿತ್ತು. ನನ್ನ ಪಾಲಿಗೆ ಬಂದದ್ದು ಪುಟ್ಟ ಪ್ರೋಗ್ರಾಮು. ಕಿಟಕಿ, ಚಿತ್ರ ಏನಿಲ್ಲ. ಕಪ್ಪು ತೆರೆಯಲ್ಲಿ ಅದರ ಹೆಸರು ಟೈಪು ಮಾಡಿ ಎಂಟರ್ ಒತ್ತಬೇಕು. ಪ್ಯಾಚ್ ಅಂದರೆ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದಿಟ್ಟ ಕಡತ. ಅದನ್ನು ಇದರ ಕೈಗೆ ಕೊಟ್ಟರೆ ಯಾವ್ಯಾವ ಫೈಲು ಬದಲಾಗಿದೆ ಅಂತ ಸಾಲಿಗೊಂದು ಹೆಸರು ಹೇಳುತ್ತದೆ. ಅಷ್ಟೇ ಅದರ ಕಸುಬು.

ಅದು ತೆರೆಯ ಮೇಲೆ ಆಡುವ ಇಂಗ್ಲಿಷ್ ಮಾತುಗಳನ್ನೆಲ್ಲ ಕನ್ನಡಕ್ಕೆ ತಂದೆ. ಮುಗಿದ ಸಂಭ್ರಮದಲ್ಲಿ ಇಡೀ ಫೋಲ್ಡರಿಗೇ ಪ್ಯಾಚ್ ಮಾಡಿ ಗುಂಪಿಗೆ ಕಳಿಸಿಬಿಟ್ಟೆ. ಕಳಿಸುವ ಮುಂಚೆ ಆ ಪ್ಯಾಚನ್ನು ಆ ಪ್ರೋಗ್ರಾಮಿಗೇ ಒಮ್ಮೆ ತೋರಿಸಿದ್ದರೆ ಎರಡು ಹೆಸರು ಹೇಳುತ್ತಿತ್ತು: ಒಂದು ನನ್ನ ಅನುವಾದ, ಇನ್ನೊಂದು, ಹೊಸ ಕೀಲಿಮಣೆ ಪರೀಕ್ಷಿಸಲು ಅಲ್ಲೇ ಟೈಪು ಮಾಡಿಟ್ಟಿದ್ದ, ಧನಗೆರೆಯ ಯಜಮಾನರೊಬ್ಬರ ಮಗಳ ಲಗ್ನಪತ್ರಿಕೆ.

ನಮ್ಮ ಕಡೆ ಮೊದಲ ಪತ್ರಿಕೆ ದೇವರಿಗೆ. ಬೆಟ್ಟಕ್ಕೆ ಹೋಗಿ ರಂಗಪ್ಪನ ಮುಂದೆ ಇಟ್ಟು ಬಂದ ಮೇಲೆಯೇ ಬೀಗರು, ನೆಂಟರು. ಇದಿನ್ನೂ ಅಚ್ಚೇ ಆಗಿರಲಿಲ್ಲ. ಅಷ್ಟರಲ್ಲಿ ಆ ಗುಂಪಿನಲ್ಲಿದ್ದ ಗಂಡಿನ ಚಿಕ್ಕಪ್ಪನ ಮಗ ಮೈಸೂರಿನಲ್ಲಿ ಅದನ್ನು ಓದಿ ಯಳಂದೂರಿನ ಗಂಡಿನ ಮನೆಗೆ ಫೋನು ಮಾಡಿದ್ದ. ದೇವರನ್ನೂ ಬಿಟ್ಟು, ನಮ್ಮನ್ನೂ ಬಿಟ್ಟು ಊರಿಗೆಲ್ಲ ಹಂಚಿದ್ದಾರೆ ಅಂತ ಗಂಡಿನ ತಂದೆ ಗರಂ ಆಗಿದ್ದರು.

ಯಜಮಾನರು ಅಂಗಡಿಗೆ ಬಂದರು. ಬೈಯಲಿಲ್ಲ.

"ನಾನಿನ್ನೂ ಬೆಟ್ಟುಕ್ಕೇ ಓಗಿಲ್ಲ ಕಣ್ರಿ ಸಾ. ಬೀಗರ ಮುಂದ ಏನಂತ ನಿಂತ್ಕಳ್ಲಿ?" ಅಂದರು.

ಬೈದಿದ್ದರೆ ಚೆನ್ನಾಗಿತ್ತು.

ಅವರ ಜೊತೆ ನಾನೇ ಯಳಂದೂರಿಗೆ ಹೊರಟೆ. ಊರು ಸೇರುವುದರೊಳಗೆ ಸಂಬಂಧ ಮುರಿದು, ಅಂಗಡಿ ಮುಚ್ಚಿ, ನಾನು ದೇಶಾಂತರ ಹೋಗುವವರೆಗೂ ಮನಸ್ಸಿನಲ್ಲೇ ಮುಗಿಸಿದ್ದೆ. ಗಂಡಿನ ತಂದೆಯ ಜಗುಲಿಯಲ್ಲಿ ಕೂತು, ತಪ್ಪು ಇವರದಲ್ಲ, ನನ್ನದು ಅಂತ ಶುರುಮಾಡಿ ಪ್ಯಾಚು, ಫೋಲ್ಡರು ಎಲ್ಲ ವಿವರಿಸಿದೆ. ಹೇಳುತ್ತ ಹೇಳುತ್ತ ನನಗೇ ಸುಳ್ಳು ಅನ್ನಿಸತೊಡಗಿತು. ಅವರು ಎಲೆಗೆ ಸುಣ್ಣ ಹಚ್ಚುತ್ತ ಕೊನೆವರೆಗೂ ಕೇಳಿ, ಪತ್ರಿಕೆ ತಲುಪಿದವರು ಎಲ್ಲಿಯವರು ಅಂದರು. ಜರ್ಮನಿ, ಜಪಾನು ಅಂತ ತೊದಲಿದೆ.

"ಅಷ್ಟ್ ದೂರ್ದೋರ್ನ ಕರ್ದ್ಬುಟ್ಟು ಸುಮ್ಕಿರಕಾದ್ದಾ? ಎಷ್ಟ್ ಜನ ಬತ್ತಾರಂತ ಕೇಳಿ ಯೋಳಿ. ಅಡುಗೆಯೋರ್ಗ ಯೋಳ್ಬೇಕು."

ಗೇಲಿಯೋ ನಿಜವೋ ತಿಳಿಯಲಿಲ್ಲ. ಆದರೆ ಎಲೆಅಡಿಕೆ ತಟ್ಟೆ ಯಜಮಾನರತ್ತ ಸರಿದಿತ್ತು. ಅವರು ಒಂದೆಲೆ ತೆಗೆದುಕೊಂಡರು; ಸಂಬಂಧ ಉಳಿಯಿತು.

ಮದುವೆಗೆ ಹೋದೆ. ಹೋಗದಿದ್ದರೆ ಇನ್ನೂ ಕೆಟ್ಟದು. ಪಂಕ್ತಿಯ ಮೂಲೆಯಲ್ಲಿ ತಲೆತಗ್ಗಿಸಿ ಕೂತಿದ್ದರೂ ಗಂಡಿನ ತಂದೆ ಹುಡುಕಿಕೊಂಡು ಬಂದು ಬಡಿಸುವವನನ್ನು ನಿಲ್ಲಿಸಿದರು.

"ಇವ್ರಿಗ ಇನ್ನೂ ಆಕ್ಲಾ. ಜರ್ಮನಿಯೋರ್ದು, ಜಪಾನ್ನೋರ್ದು ಎಲ್ಲಾ ಇವ್ರೊಬ್ರೇ ಉಣ್ಬೇಕು."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಎಲೆ ತುಂಬಿತು. ಮಿಗಿಸಿ ಏಳುವ ಧೈರ್ಯ ನನಗೆ ಬರಲಿಲ್ಲ.