ಸ್ನಾನದಮನೆಯ ತೇಸೊಪ್ ಪರೀಕ್ಷೆಗೆ ಕೂತದ್ದು

ಬಂದರು ಪಟ್ಟಣ ಗುನ್ಸಾನಿನ ಮೀನು ಮಾರುಕಟ್ಟೆಯ ಹಿಂದೆ ಇರುವ ಸ್ನಾನದಮನೆಯಲ್ಲಿ ಗಿರಾಕಿಗಳ ಮೈಯುಜ್ಜುವ ಕೆಲಸ ಓಕ್ ತೇಸೊಪನದು. ಅದೇ ಗಂಡಸರ ಕಡೆಯ ಮೂಲೆಯಲ್ಲಿ ಕ್ಷೌರದ ಕುರ್ಚಿ ಹಾಕಿಕೊಂಡು ಕೂತವನು ನಾನು. ಬಿಸಿನೀರಿನ ತೊಟ್ಟಿಯಿಂದ ಕೆಂಪಗೆ ಬೆಂದು ಎದ್ದು ಬಂದವರು ಮೊದಲು ಅವನ ಹಲಗೆಯ ಮೇಲೆ ಮಲಗುತ್ತಾರೆ, ಆಮೇಲೆ ನನ್ನ ಕುರ್ಚಿಗೆ ಬರುತ್ತಾರೆ. ಹೀಗೆ ನಾವಿಬ್ಬರೂ ಒಂದೇ ಆವಿಯಲ್ಲಿ ಅರ್ಧ ಆಯಸ್ಸು ಕಳೆದಿದ್ದೇವೆ.

ತೇಸೊಪ್ ಗಟ್ಟಿ ಆಳು. ಕೈಗೆ ಒರಟು ಬಟ್ಟೆಯ ಗವಸು ತೊಟ್ಟು ಉಜ್ಜಲು ನಿಂತನೆಂದರೆ ಬಾಯಿ ಸುಮ್ಮನಿರುವುದಿಲ್ಲ. ಮಗ್ಗುಲು ಬದಲಿಸಬೇಕಾದಾಗ ಗಿರಾಕಿಯ ತೊಡೆಗೆ ಪಟ್ಟೆಂದು ಒಂದು ಬಾರಿಸುತ್ತಾನೆ. ಬ್ಯಾಂಕಿನ ಮ್ಯಾನೇಜರನಾದರೂ ಸರಿ, ತಕ್ಷಣ ಮಗುಚಿಕೊಳ್ಳಬೇಕು. ಹುಡುಗನಾಗಿದ್ದಾಗ ಓದು ಅರ್ಧಕ್ಕೆ ನಿಂತು, ಮದುವೆಯಾದ ಮೇಲೆ ಹೆಂಡತಿ ಬೊನ್ಸುನಳ ಹಟಕ್ಕೆ ಖಾಸಗಿಯಾಗಿ ಹೈಸ್ಕೂಲು ಮುಗಿಸಿದವನು. ಆ ಪ್ರಮಾಣಪತ್ರ ಎಲ್ಲಿಟ್ಟಿದ್ದನೋ ಅವನಿಗೇ ಮರೆತುಹೋಗಿತ್ತು.

ಅವನ ಒಬ್ಬಳೇ ಮಗಳು ಸೊಲ್ಬಿ. ಕಡಲಿನ ಜೀವಿಗಳ ಬಗ್ಗೆ ಓದಬೇಕೆಂಬುದು ಅವಳ ಆಸೆ. ಆದರೆ ಕಾಲೇಜು ಸೇರಲು ಬರೆಯಬೇಕಾದ ಸುನುಂಗ್ ಪರೀಕ್ಷೆಯಲ್ಲಿ ಗಣಿತ ಅವಳ ಕಾಲೆಳೆಯಿತು. ಯಾವ ಕಾಲೇಜೂ ಕರೆಯಲಿಲ್ಲ. ಇನ್ನೊಂದು ವರ್ಷ ಓದಿ ಮತ್ತೆ ಬರೆಯೆಂದು ತಾಯಿ ಹೇಳಿದರೆ, ಕಾಫಿ ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತೇನೆಂದು ಕೋಣೆಯ ಬಾಗಿಲು ಹಾಕಿಕೊಂಡಳು. ತೇಸೊಪ್ ಬಾಗಿಲಾಚೆ ನಿಂತು ಸಮಾಧಾನ ಮಾಡಲು ಹೋಗಿ, "ಪರೀಕ್ಷೆ ಅಷ್ಟೇ ತಾನೇ? ಮನಸಿಟ್ಟು ಓದಿದ್ರಾಯ್ತಮ್ಮ" ಅಂದುಬಿಟ್ಟ.

ಬಾಗಿಲು ದಢಾರನೆ ತೆರೆಯಿತು. "ಅಷ್ಟೇನಾ? ನಿಂಗೇನು ಗೊತ್ತು ಅಪ್ಪ? ಒಂದ್ಸಲ ನೀನೇ ಕೂತು ನೋಡು!"

ಮರುದಿನ ಸ್ನಾನದಮನೆಗೆ ಬಂದವನು ಮಧ್ಯಾಹ್ನದವರೆಗೆ ಗಿರಾಕಿಗಳನ್ನು ಎಂದಿಗಿಂತ ಜೋರಾಗಿ ಉಜ್ಜಿದ. ನನಗೆ ಗಾಬರಿಯಾಯಿತು. ಕೊನೆಗೆ ನನ್ನ ಹತ್ತಿರ ಬಂದು, "ಅಣ್ಣ, ನಾನೂ ಪರೀಕ್ಷೆಗೆ ಕೂತ್ಕೋತೀನಿ" ಅಂದ.

"ಯಾವ ಪರೀಕ್ಷೆ?"

"ಸೊಲ್ಬಿ ಬರೆದಿದ್ಲಲ್ಲ, ಅದೇ."

ನಾನು ಗಿರಾಕಿಯ ಗಡ್ಡದಿಂದ ಕತ್ತಿ ತೆಗೆದು ಪಕ್ಕಕ್ಕಿಟ್ಟೆ. ಅಂಥ ಮಾತು ಕೇಳುತ್ತಾ ಕತ್ತಿ ಹಿಡಿದಿರುವುದು ಕ್ಷೇಮವಲ್ಲ.

ಅವನು ತಮಾಷೆಗೆ ಹೇಳಿರಲಿಲ್ಲ. ಮರೆತುಹೋಗಿದ್ದ ಪ್ರಮಾಣಪತ್ರವನ್ನು ಮನೆಯೆಲ್ಲ ಜಾಲಾಡಿ ಹುಡುಕಿ ತೆಗೆದ. ಮಗಳು ಮೂಲೆಗೆ ಎಸೆದಿದ್ದ ಪುಸ್ತಕಗಳನ್ನೇ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತಂದ. ಅರ್ಥವಾಗದಿದ್ದರೆ ಕೇಳಲು ಅವನಿಗೆ ಟ್ಯೂಷನ್ ಬೇಕಿರಲಿಲ್ಲ, ಗಿರಾಕಿಗಳಿದ್ದರು. ಅವನ ಹಲಗೆಯ ಮೇಲೆ ಬರಿಮೈಯಲ್ಲಿ ಬೋರಲು ಮಲಗಿದವನು ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ? ಹಡಗಿನಲ್ಲಿ ದೇಶ ಸುತ್ತಿದ ಮುದುಕ ಇಂಗ್ಲಿಷ್ ಪದಗಳಿಗೆ ಸಿಕ್ಕಿಬಿದ್ದ. ಗಣಿತಕ್ಕೆ, ಕೆಲಸದಿಂದ ನಿವೃತ್ತರಾಗಿದ್ದ ಮ್ಯಾಂಗ್ ಮೇಷ್ಟ್ರು. ಒಂದು ದಿನ ಅವರ ಬೆನ್ನಿನ ತುಂಬ ಸೋಪಿನ ನೊರೆ ಬಳಿದು, ತೇಸೊಪ್ ಅದರ ಮೇಲೆ ಬೆರಳಿನಿಂದ ಗ್ರಾಫಿನ ಗೆರೆ ಎಳೆಯತೊಡಗಿದ.

"ಮೇಷ್ಟ್ರೇ, ಈ ಗೆರೆ ಹೀಗೆ ಮೇಲಿಂದ ಬಂದು, ಇಲ್ಲಿ ತಿರುಗ್ಬೇಕಲ್ವಾ?"

ಮೇಷ್ಟ್ರು ಕಣ್ಣು ಮುಚ್ಚಿ, ಬೆನ್ನಿನಿಂದಲೇ ಓದುತ್ತಾ ಹೇಳಿದರು: "ಎಲ್ಲಿ ತಿರುಗಿಸ್ದೆ? ಇನ್ನೊಂದ್ಸಲ ಎಳಿ."

"ಇಲ್ಲಿ, ಸೊಂಟದ ಹತ್ರ."

"ತಪ್ಪು. ಇನ್ನೂ ಕೆಳಗೆ ಹೋಗ್ಬೇಕು."

"ಇನ್ನೂ ಕೆಳಗೆ ಹೋದ್ರೆ ನಿಮ್ಮ ಮರ್ಯಾದೆ ಪ್ರಶ್ನೆ ಮೇಷ್ಟ್ರೇ!"

ಬಿಸಿತೊಟ್ಟಿಯಲ್ಲಿ ಕೂತಿದ್ದವರೆಲ್ಲ ನೀರು ತುಳುಕುವ ಹಾಗೆ ನಕ್ಕರು. ಆವತ್ತಿನಿಂದ ಜನಕ್ಕೂ ರುಚಿ ಹತ್ತಿತು. ಯಾರೋ ತೊಟ್ಟಿಯಿಂದ ಒಂದು ಪ್ರಶ್ನೆ ಕೂಗುವುದು, ಇವನು ಉಜ್ಜುತ್ತಲೇ ಉತ್ತರ ಹೇಳುವುದು, ತಪ್ಪಿದರೆ ಎಲ್ಲರೂ ಓಹೋ ಎನ್ನುವುದು. ಉತ್ತರ ಹೊಳೆಯದಿದ್ದಾಗ ಅವನ ಕೈ ಬಿರುಸಾಗುತ್ತಿತ್ತು. "ಲೋ, ಯಾರಾದ್ರೂ ಬೇಗ ಉತ್ತರ ಹೇಳ್ಕೊಡ್ರೋ, ನನ್ನ ಚರ್ಮ ಕಿತ್ಕೊಂಡ್ ಬರ್ತಿದೆ!" ಎಂದು ಹಲಗೆಯ ಮೇಲಿದ್ದವನು ಅರಚಿಕೊಳ್ಳುತ್ತಿದ್ದ.

ಇಂಥ ಸುದ್ದಿ ಮಾರುಕಟ್ಟೆಗೆ ಹರಡದೆ ಇರುತ್ತದೆಯೇ? ತಾಯಿಯ ಒಣಮೀನಿನ ಅಂಗಡಿಯಲ್ಲಿ ಕೂತಿದ್ದ ಸೊಲ್ಬಿಗೂ ಮುಟ್ಟಿತು. ಸಂಜೆ ಸ್ನಾನದಮನೆಯ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬರುವ ಹಾಗಿಲ್ಲ. ಅಲ್ಲಿಂದಲೇ ಕೂಗಿದಳು.

"ಅಪ್ಪಾ! ಊರೆಲ್ಲಾ ನಗ್ತಿದೆ! ಆಚೆ ಬಾ!"

ತೇಸೊಪ್ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಪರದೆಯಿಂದ ತಲೆ ಮಾತ್ರ ಹೊರಹಾಕಿದ. "ನಗ್ಲಿ ಬಿಡು ಪುಟ್ಟಿ. ಬಂದಿದ್ದೀಯಲ್ಲ, ಈ ಲೆಕ್ಕ ನೋಡ್ಹೇಳು. ನಂಗೆ ಉತ್ತರ ಹದಿನೆಂಟು ಬಂತು" ಎಂದು ಒದ್ದೆ ಪುಸ್ತಕ ಚಾಚಿದ.

ಅವಳು ಜಗಳಕ್ಕೆಂದೇ ಬಂದವಳು. ಆದರೂ ಕಣ್ಣು ಲೆಕ್ಕದ ಮೇಲೆ ಹೋಯಿತು. ಹುಬ್ಬು ಗಂಟಾಯಿತು. "ಹದಿನೆಂಟು ಹೇಗೆ ಬರತ್ತೆ? ಮೊದಲನೇ ಸಾಲೇ ತಪ್ಪು. ಪೆನ್ ಕೊಡು ಇಲ್ಲಿ."

ಪೆನ್ನು ತಂದುಕೊಟ್ಟವನು ನಾನೇ. ಅವಳು ಬಾಗಿಲ ಮೆಟ್ಟಿಲ ಮೇಲೆ ಕೂತು ಬಿಡಿಸಿ ತೋರಿಸಿದಳು. ಅಪ್ಪ, "ಅದ್ಯಾಕೆ ಹಾಗೆ?" ಅಂದ. ಅವಳು ಹೇಳಿದಳು. ಅವನು ಮತ್ತೆ, "ಅದ್ಸರಿ, ಅದು ಯಾಕೆ?" ಅಂದ. ಸೊಲ್ಬಿ ಪುಸ್ತಕದ ಹಿಂದಿನ ಪುಟ ತಿರುವಿ ನೋಡಿದಳು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. ಹಾಗೆ ಮಾಡಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದಳು, ಅಷ್ಟೆ.

"ನಾಳೆ ಹೇಳ್ತೀನಿ" ಎಂದು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೋದಳು.

ಆಮೇಲೆ ಕಾಫಿ ಅಂಗಡಿಯ ಮಾತು ಬರಲಿಲ್ಲ, ಅವಳೂ ಮತ್ತೆ ಪರೀಕ್ಷೆ ಬರೆಯುವುದೆಂದಾಯಿತು. ಸ್ನಾನದಮನೆಗೆ ವಾರದ ರಜೆ ಬಂದಾಗ ಅಪ್ಪ ಮಗಳು ಇಬ್ಬರೂ ವಿಶ್ರಾಂತಿ ಕೋಣೆಯ ಬೆಚ್ಚನೆಯ ನೆಲದ ಮೇಲೆ ಪುಸ್ತಕ ಹರಡಿಕೊಂಡು ಕೂರುತ್ತಿದ್ದರು. ಬೇಯಿಸಿದ ಮೊಟ್ಟೆಯನ್ನು ಒಬ್ಬರ ಹಣೆಗೆ ಒಬ್ಬರು ಕುಟ್ಟಿ ಒಡೆದು ತಿನ್ನುವುದು, ತಣ್ಣನೆಯ ಅಕ್ಕಿಯ ಪಾನಕ ಕುಡಿಯುವುದು, ಮತ್ತೆ ಓದುವುದು. ಅವನಿಗೆ ಹೇಳಿಕೊಡಬೇಕೆಂದರೆ ಅವಳು ಬೇರಿನಿಂದ ಕಲಿಯಬೇಕಾಗುತ್ತಿತ್ತು. ಅವನ 'ಯಾಕೆ'ಗಳಿಗೆ ಕೊನೆಯೇ ಇರಲಿಲ್ಲ.

"ಅಪ್ಪ, ನಿನ್ನ ತಲೆಯಲ್ಲಿ ಮಿದುಳಿನ ಬದ್ಲು ಸೋಪಿದ್ಯಾ? ಹೇಳಿದ್ದೆಲ್ಲ ಜಾರಿಹೋಗತ್ತೆ."

"ಇತಿಹಾಸ ಕೇಳ್ನೋಡು, ಆಗ ಗೊತ್ತಾಗತ್ತೆ ಯಾರ ತಲೆಯಲ್ಲಿ ಸೋಪು ಅಂತ!"

ಅದು ಮಾತ್ರ ನಿಜ. ಹಳೆಯ ರಾಜರ ಕಥೆಗಳು ಅವನಿಗೆ ಪಕ್ಕದ ಮನೆಯ ಜಗಳದಷ್ಟು ಸಲೀಸಾಗಿ ನೆನಪುಳಿಯುತ್ತಿದ್ದವು.

ನವೆಂಬರ್ ಬಂತು. ಪರೀಕ್ಷೆಯ ಬೆಳಿಗ್ಗೆ ಬೊನ್ಸುನ್ ಎರಡು ಊಟದ ಡಬ್ಬಿ ಕಟ್ಟಿದಳು. ಜಾರುವ ಪದಾರ್ಥ ತಿಂದವರು ಪರೀಕ್ಷೆಯಲ್ಲೂ ಜಾರುತ್ತಾರೆಂದು ಕಡಲಪಾಚಿಯ ಸಾರನ್ನು ವಾರದಿಂದಲೇ ಮನೆಯಿಂದ ಹೊರಗಿಟ್ಟಿದ್ದಳು. ಓದಿದ್ದು ತಲೆಗೆ ಅಂಟಿಕೊಳ್ಳಲೆಂದು ಇಬ್ಬರ ಬಾಯಿಗೂ ಅಕ್ಕಿಬೆಲ್ಲದ ಮಿಠಾಯಿ ತುರುಕಿದಳು. ತೇಸೊಪನ ಕಟ್ಟಿಸಿದ ಹಲ್ಲೊಂದು ಅದಕ್ಕೆ ಅಂಟಿಕೊಂಡು ಬಂತು. ಅವನು ಅದನ್ನು ಜೇಬಿಗೆ ಹಾಕಿಕೊಂಡೇ ಹೊರಟ.

ಸೊಲ್ಬಿಗೆ ಹುಡುಗಿಯರ ಶಾಲೆ, ಅವನಿಗೆ ಬೆಟ್ಟದ ಮೇಲಿನ ಹುಡುಗರ ಶಾಲೆ. ನಾನು ಅವನ ಜೊತೆ ಹೋದೆ. ಗೇಟಿನಲ್ಲಿ ಕಿರಿಯ ತರಗತಿಯ ಹುಡುಗರು ಡೋಲು ಬಡಿದು ಅಣ್ಣಂದಿರಿಗೆ ಹುರುಪು ತುಂಬುತ್ತಿದ್ದರು. ಕೋಟು ಹಾಕಿದ್ದ ತೇಸೊಪನನ್ನು ಕಂಡದ್ದೇ ಡೋಲು ನಿಲ್ಲಿಸಿ, ಸೊಂಟ ಬಗ್ಗಿಸಿ ನಮಸ್ಕರಿಸಿದರು. "ಬನ್ನಿ ಸರ್, ಮೇಲ್ವಿಚಾರಕರ ಕೋಣೆ ಎಡಗಡೆ!"

ಇವನೂ ಬಗ್ಗಿ ನಮಸ್ಕರಿಸಿದ. "ನಾನೂ ಬರೆಯೋಕೇ ಬಂದಿರೋದು ಕಣ್ರಪ್ಪಾ."

ಅದಕ್ಕೆ ಎದ್ದ ಕೇಕೆಗೆ ಬೆಟ್ಟ ನಡುಗಿರಬೇಕು. ಒಬ್ಬ ಬಿಸಿ ಟೀ ಕೈಗಿತ್ತ, ಇನ್ನಿಬ್ಬರು ಅವನ ತೋಳು ಹಿಡಿದು ಮೆರವಣಿಗೆಯಲ್ಲೇ ಒಳಗೆ ಬಿಟ್ಟು ಬಂದರು.

ಒಳಗೆ ನಡೆದದ್ದನ್ನು ಅವನೇ ಹೇಳಿದ. ಗಣಿತದಲ್ಲಿ ಮೊದಲ ಕೆಲವು ಲೆಕ್ಕ ಬಂದವಂತೆ, ಆಮೇಲಿನವು ಅವನನ್ನು ಗುರುತೇ ಹಿಡಿಯಲಿಲ್ಲವಂತೆ. ಊಟವಾದ ಮೇಲೆ ಇಂಗ್ಲಿಷ್ ಕೇಳಿ ಬರೆಯುವ ಭಾಗ. "ಅಣ್ಣ, ನಮಗೆ ಸರಿಯಾಗಿ ಕೇಳ್ಲಿ ಅಂತ ದೇಶದ ವಿಮಾನ ಎಲ್ಲ ನಿಲ್ಸಿದ್ರು. ಅಷ್ಟು ಮಾಡಿದ್ರೂ ನಂಗೆ ಒಂದಕ್ಷರ ತಿಳೀಲಿಲ್ಲ. ಪಾಪ, ಪೈಲಟ್‌ಗಳು ಸುಮ್ನೆ ಕಾದ್ರು."

ಸಂಜೆ ಅವನನ್ನು ಕರೆತರಲು ಹೋದಾಗ ಗೇಟಿನ ಹೊರಗೆ ತಾಯಂದಿರ ಗುಂಪು ಚಳಿಗೆ ಕಾಲು ಕುಣಿಸುತ್ತಾ ಕಾಯುತ್ತಿತ್ತು. ಅವರ ಮಧ್ಯೆ ಸೊಲ್ಬಿ ನಿಂತಿದ್ದಳು. ಅವಳಿಗಿಲ್ಲದ ಕೊನೆಯ ಐಚ್ಛಿಕ ಪತ್ರಿಕೆಗೂ ಅಪ್ಪ ಕೂತಿದ್ದರಿಂದ, ತನ್ನದು ಮುಗಿದದ್ದೇ ಬಸ್ಸು ಹಿಡಿದು, ಬೆಟ್ಟ ಹತ್ತಿ ಓಡಿ ಬಂದಿದ್ದಳು. ಕೆನ್ನೆ ಕೆಂಪಾಗಿತ್ತು.

ಪಕ್ಕದ ಹೆಂಗಸು ಕೇಳಿದಳು: "ತಮ್ಮ ಬರೀತಿದ್ದಾನೇನಮ್ಮಾ?"

"ಇಲ್ಲ ಆಂಟಿ. ನಮ್ಮಪ್ಪ."

ಊರು ನಗುತ್ತಿದೆ ಎಂದು ಕೂಗಾಡಿದ್ದ ಹುಡುಗಿ ಅದನ್ನು ಆ ಗುಂಪಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು. ತೇಸೊಪ್ ಹೊರಗೆ ಬಂದದ್ದೇ ಅವನ ಚೀಲ ಕಿತ್ತುಕೊಂಡು ಹೆಗಲಿಗೇರಿಸಿದಳು. ಅವನು "ನಿಂದು ಹೇಗಾಯ್ತು?" ಎನ್ನುವ ಮೊದಲೇ ಅವಳು "ನಿಂದು ಹೇಗಾಯ್ತು?" ಅಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹಲ್ಲಿಲ್ಲದ ಜಾಗ ಕಾಣುವ ಹಾಗೆ ನಕ್ಕ ಅವನು ತಕ್ಷಣ ಕಣ್ಣೊರೆಸಿಕೊಂಡ, ಚಳಿಗಾಳಿ ಎಂದ.

ಡಿಸೆಂಬರಿನಲ್ಲಿ ಫಲಿತಾಂಶ ಬಂತು. ಸೊಲ್ಬಿಯ ಗಣಿತ ಎಲ್ಲಿಂದ ಎಲ್ಲಿಗೋ ಏರಿತ್ತು. ಜೆಜು ದ್ವೀಪದ ಕಾಲೇಜೊಂದರಲ್ಲಿ ಅವಳು ಬಯಸಿದ ಓದೇ ಸಿಕ್ಕಿತು. ತೇಸೊಪನಿಗೆ ಇಂಗ್ಲಿಷಿನಲ್ಲಿ ಕಟ್ಟಕಡೆಯ ದರ್ಜೆ, ಗಣಿತದಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಇತಿಹಾಸದಲ್ಲಿ ಮಾತ್ರ ಮಗಳನ್ನು ಹಿಂದೆ ಹಾಕಿದ್ದ. ಆ ಸುದ್ದಿ ಕೇಳದೆ ಆ ಚಳಿಗಾಲ ಯಾರೂ ಅವನ ಹಲಗೆಯಿಂದ ಏಳುವ ಹಾಗಿರಲಿಲ್ಲ.

ದೋಣಿಕಟ್ಟೆಯಲ್ಲಿ ಮಗಳನ್ನು ಬೀಳ್ಕೊಟ್ಟು ಬಂದ ಮೇಲೆ ಮ್ಯಾಂಗ್ ಮೇಷ್ಟ್ರೇ ಮುಂದೆ ನಿಂತು, ಮನೆಯಲ್ಲೇ ಕೂತು ಓದಬಹುದಾದ ಪದವಿಗೆ ಅವನನ್ನು ಸೇರಿಸಿದರು. ವಿಷಯ ಇತಿಹಾಸ. ಈಗ ಎರಡನೇ ವರ್ಷ. ಮೊನ್ನೆ ಮೀನಿನ ವ್ಯಾಪಾರಿಯೊಬ್ಬನ ಒಂದು ಮಗ್ಗುಲು ಉಜ್ಜಿ ಮುಗಿಸಿ, ಯಾವುದೋ ರಾಜನ ಪದಚ್ಯುತಿಯ ಕಥೆ ಹೇಳುತ್ತಾ ಕೈ ನಿಲ್ಲಿಸಿಬಿಟ್ಟಿದ್ದ.

"ತೇಸೊಪಣ್ಣ, ಇನ್ನೊಂದು ಮಗ್ಗುಲು?" ಅಂದ ವ್ಯಾಪಾರಿ.

"ತಡಿಯಯ್ಯ, ಮಂತ್ರಿಗಳು ಈಗ ಅರಮನೆ ಒಳಗೆ ಬರ್ತಿದ್ದಾರೆ" ಅಂದ ತೇಸೊಪ್. ಸರದಿಗೆ ಕಾಯುತ್ತಿದ್ದವರಲ್ಲಿ ಒಬ್ಬನೂ ಗೊಣಗಲಿಲ್ಲ. ನಾನೂ ಕತ್ತಿ ಕೆಳಗಿಟ್ಟು ಕೇಳುತ್ತಾ ಕೂತೆ.