ಹಾಸನದ ಸ್ವೆಟರು

ಹಾಸನವನ್ನು ಬಡವರ ಊಟಿ ಎಂದು ಕರೆಯುತ್ತಿದ್ದ ಕಾಲದಲ್ಲಿ ನಾನು ಅಲ್ಲಿಗೆ ಬಂದೆ. ಊರು ಅರಕಲಗೂಡಿನ ಕಡೆ. ಮನೆಯವರಿಗೆ ನಾನು ಮಗಳು. ನನ್ನ ಮಟ್ಟಿಗೆ ನಾನು ಗಂಡಸು. ಈ ಜಗಳ ಮುಗಿಯುವಂಥದ್ದಲ್ಲ ಎಂದು ತಿಳಿದ ಮೇಲೆ ಕೂದಲು ಕತ್ತರಿಸಿ, ಎದೆಗೆ ಬಟ್ಟೆ ಬಿಗಿದು, ಮೇಲೊಂದು ಶರ್ಟು, ಅದರ ಮೇಲೊಂದು ಸ್ವೆಟರು ಹಾಕಿಕೊಂಡು ಬಸ್ಸು ಹತ್ತಿದೆ. ಹಾಸನದಲ್ಲಿ ಆಗ ವರ್ಷದ ಬಹುಪಾಲು ಎಲ್ಲರ ಮೈಮೇಲೂ ಸ್ವೆಟರಿತ್ತು. ನನ್ನನ್ನು ಯಾರೂ ತಿರುಗಿ ನೋಡಲಿಲ್ಲ. ಆ ಚಳಿಗೆ ನಾನು ಇವತ್ತಿಗೂ ಋಣಿ.

ಬಸ್ ಸ್ಟ್ಯಾಂಡಿನ ಹತ್ತಿರ ಎಸ್‌ಟಿಡಿ ಬೂತೊಂದರಲ್ಲಿ ಕೆಲಸ ಸಿಕ್ಕಿತು. ಜನ ತಮ್ಮವರೊಡನೆ ಮಾತಾಡುವುದನ್ನು ದಿನವಿಡೀ ಕೇಳುತ್ತಿದ್ದೆ; ನನಗೆ ಫೋನ್ ಮಾಡಲು ಒಬ್ಬರೂ ಇರಲಿಲ್ಲ. ಬಾಡಿಗೆ ಕೋಣೆಯಲ್ಲಿ ಫ್ಯಾನಿರಲಿಲ್ಲ. ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದ ಓನರ್ ಅಮ್ಮ, "ಆಸ್ನದಲ್ಲಿ ಫ್ಯಾನ್ ಯಾಕಪ್ಪ?" ಎಂದು ನಕ್ಕಿದ್ದರು. ಆ 'ಅಪ್ಪ' ಕೇಳಿದ ಖುಷಿಗೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಬಿಸಿಲು ವರ್ಷ ವರ್ಷಕ್ಕೂ ಬೇಗ ಬರತೊಡಗಿತು. ಹವಾಮಾನ ಬದಲಾಗುತ್ತಿದೆಯೆಂದು ನಾನು ಪೇಪರಿನಲ್ಲಿ ಓದುವ ಮೊದಲೇ ನನ್ನ ಕಂಕುಳಿಗೆ ಅದು ಗೊತ್ತಾಗಿತ್ತು. ಊರೆಲ್ಲ ಸ್ವೆಟರು ಬಿಚ್ಚಿಟ್ಟರೂ ನಾನು ಬಿಚ್ಚಲಿಲ್ಲ.

"ಏನ್ಲಾ, ಕಾವಿಗೆ ಕುಂತ ಕೋಳಿ ಅಂಗೆ ಕುಂತಿದ್ದೀಯಲ್ಲಾ!" ಎಂದು ಪಕ್ಕದ ಅಂಗಡಿಯವನು ರೇಗಿಸುತ್ತಿದ್ದ. ನಾನೂ ನಗುತ್ತಿದ್ದೆ. ಬಿಗಿದ ಬಟ್ಟೆಯ ಅಡಿಯಲ್ಲಿ ಬೆವರುಸಾಲೆ ಹುಣ್ಣಾಗಿತ್ತು. ಡಾಕ್ಟರ ಹತ್ತಿರ ಹೋದರೆ ಶರ್ಟು ತೆಗೆಯಬೇಕು, ಹೋಗಲಿಲ್ಲ. ಪೌಡರು ಉದುರಿಸಿಕೊಂಡು ಮತ್ತೆ ಬಿಗಿಯುತ್ತಿದ್ದೆ. ರಜೆಯ ದಿನ ಕೋಣೆಯ ಬಾಗಿಲು ಹಾಕಿ ಎಲ್ಲ ಬಿಚ್ಚಿ ಕೂರುತ್ತಿದ್ದೆ. ಮೈಗೆ ಹಿತವಾಗುತ್ತಿತ್ತು, ಮನಸ್ಸು ಮಾತ್ರ ಭಣಭಣ ಎನ್ನುತ್ತಿತ್ತು.

ಒಂದು ಏಪ್ರಿಲ್ ಮಧ್ಯಾಹ್ನ ಊಟಕ್ಕೆಂದು ಬಂದವನು ಮೆಟ್ಟಿಲ ಮೇಲೆಯೇ ಬಿದ್ದೆ. ಎಚ್ಚರವಾದಾಗ ಓನರ್ ಅಮ್ಮನ ನಡುಮನೆಯ ಚಾಪೆಯ ಮೇಲೆ ಕವುಚಿ ಮಲಗಿದ್ದೆ. ಸ್ವೆಟರು, ಶರ್ಟು, ಎದೆಯ ಬಟ್ಟೆ ಯಾವುದೂ ಮೈಮೇಲಿರಲಿಲ್ಲ. ಬೀದಿ ಬಾಗಿಲು ಹಾಕಿತ್ತು. ಅವರು ಬೆನ್ನಿನ ಹುಣ್ಣಿಗೆ ಬೆಣ್ಣೆ ಸವರುತ್ತಿದ್ದರು. ಬೈಯಲಿಲ್ಲ, ಏನೂ ಕೇಳಲಿಲ್ಲ. ಮನೆ ಬಿಟ್ಟಂದಿನಿಂದ ನನ್ನನ್ನು ಯಾರೂ ಹಾಗೆ ಮುಟ್ಟಿರಲಿಲ್ಲ. ಸುಮ್ಮನೆ ಹಾಗೇ ಮಲಗಿರೋಣ ಎನಿಸಿತು.

"ಇನ್ನೊಂಚೂರು ತಡ್ಕಳವ್ವ, ಮಗಳೆ," ಎಂದರು.

ಅಳು ಒತ್ತರಿಸಿ ಬಂತು. ಉರಿ ತಾಳಲಾರದೆ ಅಳುತ್ತಿದ್ದೇನೆ ಎಂದುಕೊಂಡು ಅವರು ಬಗ್ಗಿ ನನ್ನ ಬೆನ್ನಿಗೆ ಉಫ್ ಉಫ್ ಎಂದು ಊದತೊಡಗಿದರು.