ಸೀಮೆಬದನೆ ದೇಶದ ವಿದೇಶಾಂಗ ನೀತಿ

ನಮ್ಮ ಹಿತ್ತಿಲಿನಲ್ಲಿ ಸೀಮೆಬದನೆ ಬಳ್ಳಿ ಇದೆ ಎಂಬ ವಿಷಯವನ್ನು ನಾನು ಮೊದಲ ಭೇಟಿಯಲ್ಲಿ ಯಾರಿಗೂ ಹೇಳುವುದಿಲ್ಲ. ಹೇಳಿದರೆ ಎರಡನೆಯ ಭೇಟಿ ನಡೆಯುವುದಿಲ್ಲ. ಮಾರ್ಗನ್ ಹಿಲ್ ಎಂಬ ಈ ಪರದೇಶದ ಊರಿನ ಬಿಸಿಲಿಗೂ, ಹಿಂದೊಮ್ಮೆ ಹಣ್ಣಿನ ತೋಟವಾಗಿದ್ದ ಈ ಮಣ್ಣಿಗೂ, ನನ್ನ ಕೈಗುಣಕ್ಕೂ ಅದೇನು ಒಳಒಪ್ಪಂದವಾಯಿತೋ, ಆ ಬಳ್ಳಿ ಮೊದಲು ಬೇಲಿ ಹತ್ತಿತು, ಆಮೇಲೆ ಗ್ಯಾರೇಜಿನ ಸೂರು ಹತ್ತಿತು, ಈಗ ನನ್ನ ತಲೆಯ ಮೇಲೆ ಹತ್ತಿ ಕೂತಿದೆ. ಅಕ್ಟೋಬರ್ ಬಂತೆಂದರೆ ದಿನಕ್ಕೊಂದು ಬುಟ್ಟಿ ಕಾಯಿ. ಪಲ್ಯ ಮಾಡಿದೆ, ಹುಳಿ ಮಾಡಿದೆ, ಕೂಟು ಮಾಡಿದೆ, ಸಿಪ್ಪೆಯನ್ನೂ ಬಿಡದೆ ಚಟ್ನಿ ಅರೆದೆ. ಒಮ್ಮೆ ಹಲ್ವ ಕೂಡ ಮಾಡಿದೆ. ಅದರ ಪ್ರಸ್ತಾಪವನ್ನು ನಮ್ಮ ಮನೆಯಲ್ಲಿ ಈಗಲೂ ಯಾರೂ ಎತ್ತುವುದಿಲ್ಲ.

ಸಂಪತ್ತು ಹೆಚ್ಚಾದಾಗ ರಫ್ತು ಮಾಡಬೇಕಲ್ಲ. ಸ್ಯಾನ್ ಹೋಸೆಯ ನನ್ನ ಕನ್ನಡದ ಗೆಳತಿಯರು ಮೊದಲ ವರ್ಷ ‘ಅಯ್ಯೋ, ಊರಿನ ತರಕಾರಿ’ ಎಂದು ಕಣ್ಣಿಗೊತ್ತಿಕೊಂಡು ಒಯ್ದರು. ಎರಡನೆಯ ವರ್ಷ ‘ಫ್ರಿಜ್ಜಲ್ಲಿ ಇನ್ನೂ ಇದೆ ಕಣೇ’ ಎಂದರು. ಮೂರನೆಯ ವರ್ಷ ನನ್ನ ನಂಬರು ಫೋನಿನಲ್ಲಿ ಕಂಡ ಕೂಡಲೇ ಎಲ್ಲರೂ ಮೀಟಿಂಗಿಗೆ ಹೋಗತೊಡಗಿದರು. ಭಾನುವಾರವೂ ಮೀಟಿಂಗು. ಅಲ್ಲಿಗೆ ನನ್ನ ಅರ್ಥವ್ಯವಸ್ಥೆ ಕುಸಿಯಿತು.

ಕುಸಿದದ್ದಕ್ಕೆ ಕಾರಣವನ್ನು ನಮ್ಮ ಯಜಮಾನರು ವಿವರಿಸಿದರು. ಅವರು ಕಂಪ್ಯೂಟರ್ ಚಿಪ್ ತಯಾರಿಸುವ ಕಂಪನಿಯಲ್ಲಿ ಇಂಜಿನಿಯರು, ಆದರೆ ಅದು ಹೊಟ್ಟೆಪಾಡಿಗೆ. ಮನಸ್ಸಿನಲ್ಲಿ ಅವರು ಹುಟ್ಟಾ ಅರ್ಥಮಂತ್ರಿ. ಫ್ರೀವೇಯಲ್ಲಿ ಹೋಗುವಾಗ ಒಂದು ಗಂಟೆ, ಬರುವಾಗ ಒಂದೂವರೆ ಗಂಟೆ ಪಾಡ್‌ಕಾಸ್ಟ್ ಕೇಳಿಕೊಂಡು ಬಂದು, ಕಾಫಿ ಲೋಟ ಕೈಗೆ ಸಿಕ್ಕಿದ ಕೂಡಲೇ ಲೋಕದ ಯಾವುದಾದರೊಂದು ದೇಶವನ್ನು ಸರಿಪಡಿಸುತ್ತಾರೆ. ಅಡುಗೆಮನೆಯ ನಲ್ಲಿ ಸೋರುತ್ತಿರುವುದು ಮಾತ್ರ ಆ ಭೂಪಟದಲ್ಲಿ ಬರುವುದಿಲ್ಲ. ‘ಒಂದೇ ಬೆಳೆ ನಂಬ್ಕೊಂಡಿದೀಯ. ವೆನೆಜುವೆಲಾ ಆಗ್ತೀಯ, ನೋಡ್ತಿರು’ ಎಂದರು. ಆ ದೇಶದಲ್ಲಿ ನೆಲ ಕೆದಕಿದರೆ ಎಣ್ಣೆಯಂತೆ. ಎಣ್ಣೆ ಇದೆಯಲ್ಲ ಎಂದು ಮಿಕ್ಕದ್ದೇನನ್ನೂ ಬೆಳೆಯದೆ, ಊಟದ ಹಿಟ್ಟನ್ನೂ ಹೊರಗಿನಿಂದ ತರಿಸಿದರಂತೆ. ಎಣ್ಣೆಯ ಬೆಲೆ ಬಿದ್ದ ದಿನ ನೆಲದಡಿ ಎಣ್ಣೆ, ನೆಲದ ಮೇಲೆ ಹಿಟ್ಟಿಗೆ ಕ್ಯೂ. ಕಡಲೆ ಇದ್ದವರಿಗೆ ಹಲ್ಲಿಲ್ಲ, ಹಲ್ಲಿದ್ದವರಿಗೆ ಕಡಲೆ ಇಲ್ಲ ಎಂದು ನಮ್ಮಜ್ಜಿ ಪಾಡ್‌ಕಾಸ್ಟ್ ಕೇಳದೆಯೇ ಹೇಳುತ್ತಿದ್ದಳು.

ಎಣ್ಣೆಯ ಕ್ಯೂ ಎಂದರೆ ನನಗೇನೂ ಹೊಸದಲ್ಲ. ಮೈಸೂರಿನಲ್ಲಿ ರೇಷನ್ ಅಂಗಡಿಯ ಮುಂದೆ ಸೀಮೆಎಣ್ಣೆಗೆ ಡಬ್ಬ ಹಿಡಿದು ನಿಂತವಳು ನಾನು. ನಾನು ಬರುವ ಮುಂಚೆ ನನ್ನ ಡಬ್ಬ ನಿಂತಿರುತ್ತಿತ್ತು. ಮುಂದಿನವರ ಡಬ್ಬವನ್ನು ಕಾಲಿನಿಂದ ಸರಿಸುವುದರಲ್ಲಿ ನನ್ನಷ್ಟು ನಿಪುಣೆ ಆ ಬಡಾವಣೆಯಲ್ಲಿ ಇರಲಿಲ್ಲ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ. ಹೊರಗಿನಿಂದ ಬಂದದ್ದಕ್ಕೆಲ್ಲ ನಾವು ಸೀಮೆಯ ಮುದ್ರೆ ಒತ್ತಿ ಒಳಗೆ ಬಿಟ್ಟುಕೊಂಡ ಜನ. ಬಿಟ್ಟುಕೊಂಡ ಮೇಲೆ ನಮ್ಮ ಮುತ್ತಜ್ಜಿಯ ಕಾಲದ ಅಡುಗೆ ಎಂದು ವಾದಿಸುವ ಜನವೂ ನಾವೇ.

ಅರ್ಥಮಂತ್ರಿಗಳು ಇಷ್ಟೆಲ್ಲ ದೇಶ ಬಿಟ್ಟು ವೆನೆಜುವೆಲಾವನ್ನೇ ಹಿಡಿದುಕೊಂಡದ್ದಕ್ಕೆ ಕಾರಣ ಪಕ್ಕದ ಮನೆ. ಅಲ್ಲಿರುವ ಕರೊಲಿನಾ ಎಂಬ ಹುಡುಗಿ ನರ್ಸು, ಆ ದೇಶದವಳೇ. ಎರಡು ವರ್ಷದ ಹಿಂದೆ ಅವಳ ತಾಯಿ ಅಂಪಾರೊ ಬಂದು ಮಗಳ ಜೊತೆ ಸೇರಿಕೊಂಡಳು. ಮಾರಕೈಬೊ ಎಂಬ ಊರಿನವಳು. ಅಲ್ಲಿ ಕೆರೆಯೊಳಗೂ ಎಣ್ಣೆ ತೆಗೆಯುತ್ತಾರಂತೆ. ದೇಶ ಬಿಟ್ಟ ಮೇಲೆ ಕೆಲವು ವರ್ಷ ಗಡಿಯಾಚೆ ಕೊಲಂಬಿಯಾದಲ್ಲಿದ್ದು ಇಲ್ಲಿಗೆ ಬಂದಿದ್ದಳು. ನನ್ನ ವಯಸ್ಸೇ, ನನ್ನಷ್ಟೇ ಗಾತ್ರ, ನನಗಿಂತ ಹೆಚ್ಚು ಲಿಪ್‌ಸ್ಟಿಕ್ಕು.

ನಮ್ಮ ಬೀದಿಯ ವಿಷಯ ನಿಮಗೆ ಹೇಳಬೇಕು. ಬೆಳಿಗ್ಗೆ ಏಳು ಗಂಟೆಗೆ ಎಲ್ಲರೂ ಸ್ಯಾನ್ ಹೋಸೆಯ ಕಡೆ ಕಾರು ತಿರುಗಿಸಿದರೆ ಸಂಜೆಯವರೆಗೆ ಇಲ್ಲಿ ಒಣಗಿದ ಎಲೆ ಊದುವ ಯಂತ್ರದ ಸದ್ದು ಬಿಟ್ಟರೆ ನರಮನುಷ್ಯರ ದನಿ ಇಲ್ಲ. ನಾನು ಕೆಲಸ ಬಿಟ್ಟ ಮೊದಲ ವರ್ಷ ತರಕಾರಿ ಅಂಗಡಿಯ ಯಂತ್ರ ‘ನಿಮ್ಮ ಸಾಮಾನು ಚೀಲಕ್ಕೆ ಹಾಕಿ’ ಎಂದರೆ ‘ಆಯ್ತಮ್ಮ’ ಎಂದು ಉತ್ತರ ಕೊಡುತ್ತಿದ್ದೆ. ಅಂಥ ಹೊತ್ತಿನಲ್ಲಿ ಅಂಪಾರೊ ಬಂದಳು. ಅವಳ ಇಂಗ್ಲಿಷು ನನ್ನ ಸ್ಪ್ಯಾನಿಷಿಗಿಂತ ವಾಸಿ, ಅಂದರೆ ಇತ್ತು. ಹನ್ನೊಂದು ಗಂಟೆಗೆ ಬೇಲಿಯ ಎರಡು ಕಡೆ ಇಬ್ಬರೂ ನಿಂತರೆ ಹನ್ನೆರಡಾದದ್ದು ಗೊತ್ತಾಗುತ್ತಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಅವಳು ಬೇಕಾಗಿದ್ದಳು. ಅವಳ ಬಗ್ಗೆ ಕನಿಕರದಿಂದ ಹೋಗುತ್ತಿದ್ದೇನೆ ಎಂದು ಮನೆಯಲ್ಲಿ ಹೇಳಿಕೊಳ್ಳುತ್ತಿದ್ದೆ ಅಷ್ಟೆ.

ಸ್ನೇಹಕ್ಕೆ ನನ್ನ ಬಂಡವಾಳ ಸೀಮೆಬದನೆ. ಮೊದಲ ದಿನ ಒಂದು ಡಬ್ಬಿ ಪಲ್ಯ ಕೊಟ್ಟು, ಇದು ನಮ್ಮ ದೇಶದ ತರಕಾರಿ, ನೀನು ನೋಡಿರಲಿಕ್ಕಿಲ್ಲ ಎಂದೆ. ಅವಳು ಮುಚ್ಚಳ ತೆಗೆದು ‘ಚಾಯೋತಾ’ ಎಂದಳು. ಆ ಬಳ್ಳಿ ಹುಟ್ಟಿದ್ದೇ ಅವಳ ಕಡೆಯ ಸೀಮೆಯಲ್ಲಂತೆ. ಒಗ್ಗರಣೆಯ ಮೆಣಸಿನಕಾಯಿಯೂ ಅತ್ತ ಕಡೆಯಿಂದಲೇ ಬಂದದ್ದೆಂದು ಯಜಮಾನರು ಕಾಫಿಯ ಹೊತ್ತಿಗೆ ತಿಳಿಸಿದರು. ಒಟ್ಟಿನಲ್ಲಿ ನನ್ನ ಡಬ್ಬಿಯಲ್ಲಿ ನನ್ನದು ಎಂಬುದು ಸಾಸಿವೆ ಮತ್ತು ಗತ್ತು ಮಾತ್ರ ಎಂದಾಯಿತು. ಆದರೂ ರಫ್ತು ನಿಲ್ಲಿಸಲಿಲ್ಲ.

ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು ಎಂಬುದು ನಮ್ಮ ಶಾಸ್ತ್ರ. ಒಂದು ಹಿಡಿ ಸಕ್ಕರೆಯಾದರೂ ಹಾಕಿಯೇ ಕೊಡಬೇಕು. ಅದನ್ನು ಯಾರೂ ಹೇಳಿಕೊಡದೆಯೇ ಅಂಪಾರೊ ಪಾಲಿಸಿದಳು. ಪ್ರತಿ ಸಲವೂ ನನ್ನ ಡಬ್ಬಿ ಅರೇಪಾ ತುಂಬಿಕೊಂಡು ಬರುತ್ತಿತ್ತು. ದಪ್ಪನೆಯ, ದುಂಡನೆಯ, ಬಿಸಿಬಿಸಿ ರೊಟ್ಟಿ. ನಾನು ಡಬ್ಬಿಯನ್ನು ಮೂಸಿ ನೋಡುತ್ತಿದ್ದೆ. ಯಾವ ಬಾಣಲೆಯೋ, ಯಾವ ಕೊಬ್ಬೋ, ಪಕ್ಕದಲ್ಲಿ ಏನು ಬೇಯುತ್ತಿತ್ತೋ. ಕೇಳಿದರೆ ಅವಳಿಗೆ ಬೇಜಾರಾದೀತು ಎಂಬ ಸೂಕ್ಷ್ಮ ನನ್ನದು. ಆದ್ದರಿಂದ ಕೇಳದೆ, ತಿನ್ನದೆ, ಬಹಳ ಸೂಕ್ಷ್ಮವಾಗಿ ಯಜಮಾನರ ಆಫೀಸಿಗೆ ಕಳಿಸಿಬಿಡುತ್ತಿದ್ದೆ. ಅಲ್ಲಿ ಏನಿಟ್ಟರೂ ಹತ್ತು ನಿಮಿಷದಲ್ಲಿ ಖಾಲಿ. ನಾನು ರಫ್ತು ಮಾಡುವ ದೇಶ, ಆಮದಿಗೆ ಬಾಗಿಲು ಹಾಕಿದ ದೇಶ.

ಇನ್ನೊಂದು ಅಭ್ಯಾಸವಿತ್ತು. ನಾವು ಮೈಸೂರಿನವರು ಮನುಷ್ಯರನ್ನು ಕಂಡರೆ ಏನು ಕೇಳುತ್ತೇವೆ? ಬೆಳಿಗ್ಗೆ ತಿಂಡಿ ಆಯ್ತಾ, ಮಧ್ಯಾಹ್ನ ಊಟ ಆಯ್ತಾ, ಸಂಜೆ ಕಾಫಿ ಆಯ್ತಾ. ಉತ್ತರ ಬೇಕೆಂದು ಕೇಳುವುದಲ್ಲ. ಆಗಿಲ್ಲ ಎಂದು ಯಾರಾದರೂ ನಿಜ ಹೇಳಿಬಿಟ್ಟರೆ ನಮಗೇ ಗಾಬರಿ. ಬೇರೆಯವರು ಹವಾಮಾನ ಮಾತಾಡುವ ಜಾಗದಲ್ಲಿ ನಾವು ಹೊಟ್ಟೆ ಮಾತಾಡುತ್ತೇವೆ. ಇದನ್ನೇ ನಾನು ಇಂಗ್ಲಿಷಿಗೆ ಹಾಕಿ, ದಿನಕ್ಕೆ ಎರಡು ಸಲ, ಬೇಲಿಯ ಮೇಲಿಂದ, ನಗುನಗುತ್ತಾ ಅಂಪಾರೊಳನ್ನು ಕೇಳುತ್ತಿದ್ದೆ. ಅವಳು ಮೊದಮೊದಲು ‘ಹೌದು, ತಿಂದೆ’ ಎನ್ನುತ್ತಿದ್ದಳು. ಆಮೇಲೆ ತಲೆಯಾಡಿಸುತ್ತಿದ್ದಳು. ಆಮೇಲೆ ಬಟ್ಟೆ ಒಣಹಾಕುವ ಕಡೆ ತಿರುಗಿಬಿಡುತ್ತಿದ್ದಳು. ವಯಸ್ಸಾಯಿತು, ಕಿವಿ ಮಂದವಾಗಿರಬೇಕು ಎಂದುಕೊಂಡು ನಾನು ಇನ್ನಷ್ಟು ಗಟ್ಟಿಯಾಗಿ ಕೇಳತೊಡಗಿದೆ.

ಒಂದು ಶನಿವಾರ ಯಜಮಾನರು ಬಳ್ಳಿ ಕತ್ತರಿಸಲು ಏಣಿ ಹತ್ತಿದರು. ಎತ್ತರ ಸಿಕ್ಕಿದ್ದೇ ತಡ, ಬೇಲಿಯಾಚೆ ನಿಂತಿದ್ದ ಅಂಪಾರೊಗೆ ವೆನೆಜುವೆಲಾ ಹೇಗೆ ಕೆಟ್ಟಿತು ಎಂದು ವಿವರಿಸಿದರು. ಅಲ್ಲಿ ಕುಡಿಯುವ ನೀರಿಗಿಂತ ಪೆಟ್ರೋಲು ಅಗ್ಗವಾಗಿತ್ತು, ಅದನ್ನು ಕ್ಯಾನಿನಲ್ಲಿ ತುಂಬಿ ಕಳ್ಳದಾರಿಯಲ್ಲಿ ಕೊಲಂಬಿಯಾಕ್ಕೆ ಸಾಗಿಸುತ್ತಿದ್ದರು, ಗೊತ್ತಾ ಎಂದು ಕೇಳಿದರು. ಗೊತ್ತಾ ಎಂದು, ಅವಳನ್ನು. ಅವಳು ಸೊಂಟದ ಮೇಲೆ ಕೈಯಿಟ್ಟು ಕೊನೆಯವರೆಗೂ ಕೇಳಿಸಿಕೊಂಡಳು. ಇಳಿಯುವ ಮುಂಚೆ ನಮ್ಮವರು ಬೋನಸ್ಸಾಗಿ, ನಿಮ್ಮ ಅರೇಪಾ ಎಂದರೆ ನಮ್ಮ ಆಫೀಸಿನವರಿಗೆಲ್ಲ ಪ್ರಾಣ, ಪ್ರತಿ ವಾರ ಕೇಳುತ್ತಾರೆ ಎಂದು ಹೊಗಳಿದರು. ಅಂಪಾರೊ ನನ್ನ ಮುಖ ನೋಡಿದಳು. ನಾನು ಬಳ್ಳಿಯನ್ನು ನೋಡಿದೆ.

ಸೋಮವಾರ ನನ್ನ ಡಬ್ಬಿ ಬಾಗಿಲ ಮುಂದಿತ್ತು. ಎತ್ತಿದರೆ ಹಗುರ. ಮುಚ್ಚಳ ತೆಗೆದೆ. ತೊಳೆದು, ಒರೆಸಿ, ಖಾಲಿ ಇಟ್ಟಿದ್ದಳು.

ರಾಯಭಾರಿಯನ್ನು ವಾಪಸ್ ಕರೆಸಿಕೊಂಡಾಗ ದೇಶಗಳಿಗೆ ಏನಾಗುತ್ತದೋ ನನಗೆ ಗೊತ್ತಿಲ್ಲ. ನಾನಂತೂ ಆ ಖಾಲಿ ಡಬ್ಬಿಯನ್ನು ಇನ್ನೊಮ್ಮೆ ತೊಳೆದಿಟ್ಟೆ. ಹನ್ನೊಂದು ಗಂಟೆಗೆ ಬೇಲಿಯ ಹತ್ತಿರ ಹೋಗಿ ನಿಂತೆ. ಯಾರೂ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಹತ್ತು ದಿನ ನಾನು ಎಲೆ ಊದುವ ಯಂತ್ರದ ಜೊತೆ ಕಳೆದೆ. ಮೊದಲೆರಡು ದಿನ ಕೋಪ ಬಂತು, ಅಷ್ಟೊಂದು ಪಲ್ಯ ತಿಂದು ಹೀಗಾ ಎಂದು. ಮೂರನೆಯ ದಿನದಿಂದ ಅಳು ಬರುತ್ತಿತ್ತು.

ಕೊನೆಗೆ ಟಪಾಲಿನ ಪೆಟ್ಟಿಗೆಯ ಹತ್ತಿರ ಕರೊಲಿನಾ ಸಿಕ್ಕಳು. ಒಳ್ಳೆಯ ಹುಡುಗಿ, ರೋಗಿಗಳಿಗೆ ಕೆಟ್ಟ ಸುದ್ದಿ ಹೇಳಿ ಅಭ್ಯಾಸವಿದ್ದ ದನಿಯಲ್ಲಿ ಹೇಳಿದಳು. ‘ಆಂಟಿ, ನೀವು ಒಳ್ಳೆಯ ಮನಸ್ಸಿನಿಂದಲೇ ಕೇಳ್ತೀರಿ, ನನಗೆ ಗೊತ್ತು. ಆದರೆ ತಿಂದೆಯಾ ತಿಂದೆಯಾ ಅಂತ ಅಮ್ಮನನ್ನು ಕೇಳಬೇಡಿ. ಈ ಮನೆಯಲ್ಲಿ ಅವಳು ಹಸಿದುಕೊಂಡಿಲ್ಲ.’

ನಾನು ಅಲ್ಲಿಂದಲೇ ನೆಟ್ಟಗೆ ಅಂಪಾರೊಳ ಹತ್ತಿರ ಹೋದೆ, ಕ್ಷಮೆ ಕೇಳುವುದಕ್ಕಲ್ಲ, ವಿವರಣೆ ಕೊಡುವುದಕ್ಕೆ. ವಿವರಣೆ ನಮ್ಮ ಮನೆಯ ರೋಗ. ಇದು ನಮ್ಮ ಪದ್ಧತಿ, ನಮಸ್ಕಾರ ಇದ್ದ ಹಾಗೆ, ಎಲ್ಲರನ್ನೂ ಕೇಳುತ್ತೇವೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಕೂರು ಎಂದಳು. ಆಮೇಲೆ ತನ್ನ ಹರಕು ಇಂಗ್ಲಿಷಿನಲ್ಲಿ, ನಿಧಾನವಾಗಿ, ರೊಸಾಲ್ಬಾಳ ಕತೆ ಹೇಳಿದಳು.

ಎಣ್ಣೆ ಉಕ್ಕುತ್ತಿದ್ದ ಕಾಲದಲ್ಲಿ ಪಕ್ಕದ ಕೊಲಂಬಿಯಾದಿಂದ ಜನ ಕೂಲಿ ಹುಡುಕಿಕೊಂಡು ಇವರ ದೇಶಕ್ಕೆ ಬರುತ್ತಿದ್ದರಂತೆ. ಹಾಗೆ ಬಂದ ರೊಸಾಲ್ಬಾ ಅಂಪಾರೊಳ ಮನೆಯಲ್ಲಿ ವರ್ಷಾನುಗಟ್ಟಲೆ ಅಡುಗೆ ಮಾಡಿದಳು, ಪಾತ್ರೆ ತೊಳೆದಳು, ಕರೊಲಿನಾಳನ್ನು ಎತ್ತಿ ಆಡಿಸಿದಳು. ಅಂಪಾರೊ ಒಳ್ಳೆಯ ಯಜಮಾನಿ. ದಿನಾ ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು, ರೊಸಾಲ್ಬಾ, ನೀನು ತಿಂದೆಯಾ ಎಂದು ತಪ್ಪದೆ ಕೇಳುತ್ತಿದ್ದಳು. ಆಮೇಲೆ ಕಾಲ ತಿರುಗಿತು. ರೊಸಾಲ್ಬಾ ತನ್ನ ದೇಶಕ್ಕೆ ಹಿಂದಿರುಗಿದಳು. ಇನ್ನಷ್ಟು ತಿರುಗಿತು. ಅಂಪಾರೊ ಒಂದು ಸೂಟ್‌ಕೇಸ್ ಎಳೆದುಕೊಂಡು ಗಡಿಯ ಸೇತುವೆಯನ್ನು ಕಾಲ್ನಡಿಗೆಯಲ್ಲಿ ದಾಟಿದಳು. ಆಚೆ ಕಡೆ ಅವಳಿಗೆ ಗೊತ್ತಿದ್ದ ಬಾಗಿಲು ಒಂದೇ.

‘ಆ ಮನೆಯಲ್ಲಿ ಮೂರು ವರ್ಷ ಇದ್ದೆ’ ಎಂದಳು ಅಂಪಾರೊ. ‘ತಿಂದೆಯಾ ಅಂತ ಅವಳು ಒಂದು ದಿನವೂ ಕೇಳಲಿಲ್ಲ. ತಟ್ಟೆ ಇಡುತ್ತಿದ್ದಳು, ತಾನೂ ಕೂರುತ್ತಿದ್ದಳು. ಆಗ ನನಗೆ ಗೊತ್ತಾಯಿತು, ಅದು ಯಾರು ಯಾರನ್ನು ಕೇಳುವ ಪ್ರಶ್ನೆ ಅಂತ.’

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಮನೆಗೆ ಬರುತ್ತಿದ್ದೆ. ಎಲ್ಲರನ್ನೂ ಕೇಳುತ್ತೇವೆ ಎಂಬ ನನ್ನ ವಾದ ಅಲ್ಲೇ ಬಿದ್ದುಹೋಯಿತು, ಏಕೆಂದರೆ ನನಗೆ ಮೈಸೂರಿನ ಮನೆಗೆ ಕೆಲಸಕ್ಕೆ ಬರುತ್ತಿದ್ದ ಲಕ್ಷ್ಮಮ್ಮ ನೆನಪಾದಳು. ನಮ್ಮಮ್ಮ ಅವಳನ್ನು ದಿನಾ ತಿಂಡಿ ಆಯ್ತಾ ಎಂದು ಕೇಳುತ್ತಿದ್ದಳು. ಎಷ್ಟು ಒಳ್ಳೆಯ ಮನಸ್ಸು ಎಂದು ಬೀದಿಯೆಲ್ಲ ಹೊಗಳುತ್ತಿತ್ತು. ಲಕ್ಷ್ಮಮ್ಮನ ತಟ್ಟೆ, ಲೋಟ ಮಾತ್ರ ಹಿತ್ತಿಲ ಕಟ್ಟೆಯ ಮೇಲೆ ಬೇರೆಯೇ ಇರುತ್ತಿದ್ದವು. ನಿಮ್ಮದಾಯ್ತಾ ಅಮ್ಮಾವ್ರೇ ಎಂದು ಅವಳು ತಿರುಗಿ ಕೇಳಿದ್ದು ನನಗೆ ನೆನಪಿಲ್ಲ. ನಾನು ಈ ಸೀಮೆಗೆ ಬಂದು ಇಷ್ಟು ವರ್ಷವಾದರೂ, ಕೆಲಸದಲ್ಲಿದ್ದಾಗ ನನ್ನ ಸೂಪರ್‌ವೈಸರನ್ನು ಒಂದು ದಿನವೂ ಊಟ ಆಯ್ತಾ ಎಂದು ಕೇಳಿದವಳಲ್ಲ. ಎಲ್ಲರನ್ನೂ ಕೇಳುತ್ತೇವಂತೆ! ನನಗೆ ನನ್ನ ಮೇಲೇ ಅಸಹ್ಯವಾಯಿತು. ಎದ್ದು ಬಂದೆ.

ಮನೆಯಲ್ಲಿ ಯಜಮಾನರಿಗೆ ಹೇಳಿದೆ. ಅವರು ಕಾಫಿ ಮುಗಿಯುವವರೆಗೂ ಯಾವ ದೇಶವನ್ನೂ ಸರಿಪಡಿಸಲಿಲ್ಲ. ಅವರ ಮಟ್ಟಿಗೆ ಅದು ಐತಿಹಾಸಿಕ. ಆಮೇಲೆ, ಒಂದು ದೊಡ್ಡ ಬುಟ್ಟಿ ಸೀಮೆಬದನೆ ಕೊಟ್ಟು ಸಾರಿ ಹೇಳಿದರೆ ಹೇಗೆ ಎಂದು ಪರಿಹಾರ ಸೂಚಿಸಿದರು. ಒಂದು ದೇಶ ಹಾಳಾಗುವುದು ಹೇಗೆ ಎಂದು ನನಗೆ ಆಗ ಅರ್ಥವಾಯಿತು.

ಮಾರನೆಯ ದಿನ ನಾನು ತಿಂಡಿ ತಿನ್ನಲಿಲ್ಲ. ವ್ರತವಲ್ಲ, ಉಪಾಯ. ಬುಟ್ಟಿಯಿಲ್ಲ, ಡಬ್ಬಿಯಿಲ್ಲ, ಕೈ ಬೀಸಿಕೊಂಡು ಪಕ್ಕದ ಮನೆಗೆ ಹೋದೆ. ಖಾಲಿ ಕೈಯಲ್ಲಿ ಇನ್ನೊಬ್ಬರ ಬಾಗಿಲು ತಟ್ಟುವುದು ಎಷ್ಟು ಕಷ್ಟ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತೋಚಲಿಲ್ಲ. ಅಂಪಾರೊ ಬಾಗಿಲು ತೆಗೆದು ಮೊದಲು ನನ್ನ ಕೈ ನೋಡಿದಳು, ಆಮೇಲೆ ಮುಖ ನೋಡಿದಳು.

‘ಹಸಿವಾಗ್ತಿದೆ ಅಂಪಾರೊ’ ಎಂದೆ. ‘ತಿನ್ನೋಕೆ ಏನಾದ್ರೂ ಇದ್ಯಾ?’

ಅವಳು ಒಳಗೆ ನಡೆದಳು. ಹಿಂದೆಯೇ ಹೋಗಿ ಅಡುಗೆಮನೆಯಲ್ಲಿ ಕೂತೆ. ಎರಡು ವರ್ಷದಲ್ಲಿ ಮೊದಲ ಸಲ ಅವಳು ಹಿಟ್ಟು ಕಲಸುವುದನ್ನು ನೋಡಿದೆ. ಮೆಕ್ಕೆಜೋಳದ ಹಿಟ್ಟು, ಬೆಚ್ಚಗಿನ ನೀರು, ಉಪ್ಪು. ಅಷ್ಟೇ. ಇನ್ನೇನಾದರೂ ಹಾಕುತ್ತಾಳೇನೋ ಎಂದು ಕತ್ತು ಚಾಚಿ ಕಾದೆ, ಏನೂ ಹಾಕಲಿಲ್ಲ. ನಮ್ಮ ಅಕ್ಕಿರೊಟ್ಟಿಯ ಖಾಸಾ ನೆಂಟನನ್ನು ನಾನು ಎರಡು ವರ್ಷ ಆಫೀಸಿಗೆ ಸಾಗಹಾಕಿದ್ದೆ. ಕಾವಲಿಯ ಮೇಲಿಂದ ತೆಗೆದು, ಸೀಳಿ, ಬೆಣ್ಣೆ ಸವರಿ ನನ್ನ ಮುಂದಿಟ್ಟಳು. ತಾನೂ ಒಂದು ಹಾಕಿಕೊಂಡು ಎದುರು ಕೂತಳು. ಬಾಯಿ ಸುಟ್ಟರೂ ಬಿಡದೆ ತಿಂದೆ. ಸ್ವಲ್ಪ ಸಪ್ಪೆ, ಆದರೆ ಹಸಿದವರಿಗೆ ಸಪ್ಪೆ ತಿಳಿಯುವುದಿಲ್ಲ.

ಒಂದು ಮುಗಿಯಿತು. ನಮ್ಮ ಶಾಸ್ತ್ರದ ಪ್ರಕಾರ ಈಗ ಅವಳು ಇನ್ನೊಂದು ಬೇಕಾ ಎಂದು ಕೇಳಬೇಕು, ನಾನು ಅಯ್ಯಯ್ಯೋ ಬೇಡ, ಹೊಟ್ಟೆ ತುಂಬಿತು ಎಂದು ಎರಡೂ ಕೈ ತಟ್ಟೆಗೆ ಅಡ್ಡ ಹಿಡಿಯಬೇಕು, ಅವಳು ಬಲವಂತ ಮಾಡಬೇಕು. ನಾನು ಕೈ ಎತ್ತಲು ಸಿದ್ಧವಾಗಿ ಕೂತಿದ್ದೆ.

ಅಂಪಾರೊ ಕೇಳಲಿಲ್ಲ. ಇನ್ನೊಂದು ಹಾಕಿದಳು.